ಹಂಚಿಕೊಂಡ ನೆಟ್‌ವರ್ಕಿನಲ್ಲಿ ಖಾಸಗಿ ಕ್ಲೌಡ್: ಡಿಎಚ್‌ಸಿಪಿ ಘರ್ಷಣೆಯನ್ನು ಪತ್ತೆಹಚ್ಚಿ ಬಿಡಿಸುವ ಕ್ರಮ

ಕಾಲೇಜಿನ ಪ್ರಯೋಗಾಲಯದಲ್ಲೋ ಮಧ್ಯಮ ಗಾತ್ರದ ಕಚೇರಿಯಲ್ಲೋ ನಾಲ್ಕು ಸರ್ವರ್‌ಗಳನ್ನು ಸೇರಿಸಿ, ಅವುಗಳೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಖಾಸಗಿ ಕ್ಲೌಡ್ ಕಟ್ಟಲು ಓಪನ್‌ಸ್ಟ್ಯಾಕ್ ಅಥವಾ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕುತ್ತಾರೆ. ಪ್ರತ್ಯೇಕ ಸ್ವಿಚ್ಚಿಗೆ ಹಣ ಮಂಜೂರಾಗಿರುವುದಿಲ್ಲ. ಇರುವ ನೆಟ್‌ವರ್ಕಿಗೇ ಕೇಬಲ್ ಸೇರಿಸುತ್ತಾರೆ. ಮೊದಲಿಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆಮೇಲೆ ಒಂದು ದಿನ ಗ್ರಂಥಾಲಯದ ಪ್ರಿಂಟರ್ ಸಿಗುವುದಿಲ್ಲ, ಲೆಕ್ಕಪತ್ರ ವಿಭಾಗದ ಎರಡು ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಇಲ್ಲ, ಕ್ಲೌಡಿನಲ್ಲಿ ಹೊಸದಾಗಿ ಎಬ್ಬಿಸಿದ ವರ್ಚುವಲ್ ಯಂತ್ರಕ್ಕೆ ವಿಳಾಸ ಬಂದಿದ್ದರೂ ಪಿಂಗ್ ಹೋಗುವುದಿಲ್ಲ. ಈ ಮೂರೂ ದೂರುಗಳ ಹಿಂದೆ ಒಂದೇ ಕಾರಣವಿರಬಹುದು, ಮೂರು ಬೇರೆ ಕಾರಣಗಳೂ ಇರಬಹುದು. ನೆಟ್‌ವರ್ಕಿಗೆ ಸೇರಿದ ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಏರ್ಪಾಡಾದ ಡಿಎಚ್‌ಸಿಪಿಯ ತೊಂದರೆಗಳಲ್ಲಿ ಜನರನ್ನು ದಾರಿ ತಪ್ಪಿಸುವುದು ಇದೇ.

ಡಿಎಚ್‌ಸಿಪಿಯ ಈಗಿನ ರೂಪ 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2131 ಎಂಬ ದಾಖಲೆಯಾಗಿ ಪ್ರಕಟವಾಯಿತು. ವಿಳಾಸ ಬೇಕಾದ ಯಂತ್ರ ‘ಡಿಸ್ಕವರ್’ ಎಂದು ಇಡೀ ನೆಟ್‌ವರ್ಕಿಗೆ ಕೂಗುತ್ತದೆ. ಕೇಳಿಸಿಕೊಂಡ ಸರ್ವರ್ ‘ಆಫರ್’ ಕಳಿಸುತ್ತದೆ. ಯಂತ್ರ ‘ರಿಕ್ವೆಸ್ಟ್’ ಎಂದು ಒಪ್ಪುತ್ತದೆ. ಸರ್ವರ್ ‘ಆಕ್’ ಎಂದು ಮುದ್ರೆ ಒತ್ತುತ್ತದೆ. ಸರ್ವರ್ 67ನೇ ಯುಡಿಪಿ ಪೋರ್ಟಿನಲ್ಲಿ, ಕ್ಲೈಂಟ್ 68ರಲ್ಲಿ. ಉತ್ತರ ಕೊಟ್ಟವರು ನಿಜವಾಗಿ ಅಧಿಕಾರವುಳ್ಳ ಸರ್ವರ್ ಹೌದೋ ಅಲ್ಲವೋ ಎಂದು ಕ್ಲೈಂಟ್ ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಬಂದ ಆಫರ್ ಗೆಲ್ಲುತ್ತದೆ. ಹಾಗಾಗಿ ಒಂದೇ ಬ್ರಾಡ್‌ಕಾಸ್ಟ್ ವಲಯದಲ್ಲಿ (ಒಬ್ಬರ ಕೂಗು ಎಲ್ಲರಿಗೂ ಕೇಳಿಸುವ ನೆಟ್‌ವರ್ಕಿನ ಭಾಗದಲ್ಲಿ) ಒಬ್ಬರಿಗೊಬ್ಬರು ಪರಿಚಯವಿಲ್ಲದ ಎರಡು ಸರ್ವರ್‌ಗಳಿದ್ದರೆ, ಒಂದೇ ಬಸ್ಸಿನಲ್ಲಿ ಇಬ್ಬರು ನಿರ್ವಾಹಕರು ಬೇರೆ ಬೇರೆ ಪಟ್ಟಿ ಹಿಡಿದು ಸೀಟು ಹಂಚಿದಂತಾಗುತ್ತದೆ.

ನೆಟ್‌ವರ್ಕ್ ನಿಮ್ಮೊಬ್ಬರದಲ್ಲ ಎಂಬುದನ್ನು ಮೊದಲಿನಿಂದ ಕೊನೆಯವರೆಗೂ ಮರೆಯಬಾರದು. ಕೆಳಗಿನ ಹಂತಗಳ ಕ್ರಮವನ್ನೂ ಅದೇ ನಿರ್ಧರಿಸಿದೆ: ಮೊದಲು ಉಳಿದವರಿಗೆ ಆಗುತ್ತಿರುವ ತೊಂದರೆ ನಿಲ್ಲಬೇಕು, ಆಮೇಲೆ ಸಾಕ್ಷ್ಯ ಸಂಗ್ರಹ, ಆಮೇಲೆ ದುರಸ್ತಿ.

ಹಂತ 1: ಮರುಚಾಲನೆ ಬೇಡ, ಪ್ರತ್ಯೇಕಿಸಿ

ದೂರು ಬಂದ ತಕ್ಷಣ ಸರ್ವರ್‌ಗಳನ್ನೆಲ್ಲ ರೀಸ್ಟಾರ್ಟ್ ಮಾಡುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಮಾಡಬೇಡಿ. ಮರುಚಾಲನೆಯಿಂದ ಎಆರ್‌ಪಿ ಪಟ್ಟಿ (ಯಾವ ಐಪಿ ವಿಳಾಸ ಯಾವ ನೆಟ್‌ವರ್ಕ್ ಕಾರ್ಡಿನದು ಎಂಬ ಪಟ್ಟಿ) ಖಾಲಿಯಾಗುತ್ತದೆ, ಯಂತ್ರಗಳು ಹೊಸ ಲೀಸ್, ಅಂದರೆ ನಿಗದಿತ ಅವಧಿಗೆ ವಿಳಾಸ, ಪಡೆಯುತ್ತವೆ, ತೊಂದರೆ ಸ್ವಲ್ಪ ಹೊತ್ತು ಮರೆಯಾಗಿ ಮತ್ತೆ ಬರುತ್ತದೆ. ಆ ಹೊತ್ತಿಗೆ ಯಾವ ಯಂತ್ರ ಯಾವ ವಿಳಾಸ ಹಿಡಿದಿತ್ತು ಎಂಬ ಮಾಹಿತಿಯೇ ಇರುವುದಿಲ್ಲ.

ಅದರ ಬದಲು ತೊಂದರೆಗೊಳಗಾದ ಒಂದು ಕಂಪ್ಯೂಟರಿನ ಮುಂದೆ ಕುಳಿತು ನಾಲ್ಕು ಸಂಗತಿ ಬರೆದುಕೊಳ್ಳಿ: ಅದಕ್ಕೆ ಸಿಕ್ಕಿರುವ ಐಪಿ ವಿಳಾಸ, ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ಯಂತ್ರ), ಡಿಎನ್‌ಎಸ್ (ಹೆಸರುಗಳನ್ನು ವಿಳಾಸವಾಗಿಸುವ ಸರ್ವರ್) ಮತ್ತು ಲೀಸ್ ಕೊಟ್ಟ ಡಿಎಚ್‌ಸಿಪಿ ಸರ್ವರಿನ ವಿಳಾಸ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’ ಆಜ್ಞೆಯನ್ನು ‘ಆಲ್’ ಆಯ್ಕೆಯೊಂದಿಗೆ ಕೊಟ್ಟರೆ ಈ ನಾಲ್ಕೂ ಒಂದೇ ಪರದೆಯಲ್ಲಿ ಸಿಗುತ್ತವೆ. ಬಳಿಕ ನೆಟ್‌ವರ್ಕ್ ವಿಭಾಗದವರಿಗೆ ಹೇಳಿ ಕ್ಲೌಡನ್ನು ಹಂಚಿಕೊಂಡ ನೆಟ್‌ವರ್ಕಿಗೆ ಸೇರಿಸುವ ಕೇಬಲ್ಲನ್ನು ಐದು ನಿಮಿಷ ಕಿತ್ತು, ಅದೇ ಕಂಪ್ಯೂಟರಿನಲ್ಲಿ ವಿಳಾಸ ಬಿಟ್ಟುಕೊಟ್ಟು ಮತ್ತೆ ಪಡೆಯಿರಿ. ಸರ್ವರಿನ ವಿಳಾಸ ಬದಲಾದರೆ ತಪ್ಪಿತಸ್ಥ ಕ್ಲೌಡಿನೊಳಗೇ ಇದ್ದಾನೆ ಎಂದಾಯಿತು. ಬದಲಾಗದಿದ್ದರೆ ಬೇರೆ ಯಾರೋ ತಂದಿಟ್ಟ ವೈಫೈ ರೂಟರಿನ ಲ್ಯಾನ್ ಪೋರ್ಟನ್ನು ಗೋಡೆಯ ಸಾಕೆಟ್ಟಿಗೆ ಸೇರಿಸಿರುವ ಸಾಧ್ಯತೆ ದೊಡ್ಡದು. ಕ್ಲೌಡ್ ಹೊಸದಾಗಿ ಬಂದಿದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಆಪಾದನೆಯನ್ನೂ ಹೊತ್ತುಕೊಳ್ಳಬೇಕಾಗಿಲ್ಲ.

ತಪ್ಪು ಕ್ಲೌಡಿನದೇ ಎಂದು ಗೊತ್ತಾದರೆ ಕೇಬಲ್ಲನ್ನು ಮತ್ತೆ ಸೇರಿಸುವ ಅವಸರ ಬೇಡ. ಮುಂದಿನ ಪರೀಕ್ಷೆಗಳಲ್ಲಿ ಬಹುಪಾಲನ್ನು ಒಂದು ಚಿಕ್ಕ ಸ್ವಿಚ್ ಮತ್ತು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಬೇರೆಯಾಗಿಯೇ ಮಾಡಬಹುದು.

ಹಂತ 2: ಪ್ಯಾಕೆಟ್ ನೋಡಿ

ಇದು ಇಡೀ ಕೆಲಸದ ತಿರುಳು. ಇಲ್ಲಿ ಸಮಯ ಕೊಟ್ಟಷ್ಟೂ ಮುಂದೆ ಉಳಿತಾಯ.

ಲಿನಕ್ಸ್ ಯಂತ್ರದಲ್ಲಿ ‘ಟಿಸಿಪಿಡಂಪ್’ ಸಾಕು. ಈಥರ್ನೆಟ್ ವಿಳಾಸಗಳನ್ನೂ (ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡಿನ ಗುರುತು) ತೋರಿಸುವ ‘ಇ’, ವಿಳಾಸಗಳನ್ನು ಹೆಸರಿಗೆ ಬದಲಾಯಿಸದಂತೆ ತಡೆಯುವ ‘ಎನ್’, ವಿವರ ಹೆಚ್ಚಿಸುವ ‘ವಿವಿ’ ಆಯ್ಕೆಗಳನ್ನು ಕೊಟ್ಟು, 67 ಮತ್ತು 68ನೇ ಯುಡಿಪಿ ಪೋರ್ಟುಗಳಿಗಷ್ಟೇ ಸೀಮಿತಗೊಳಿಸಿ ಓಡಿಸಿ. ‘ಇ’ ಆಯ್ಕೆಯನ್ನು ಬಿಡಬೇಡಿ, ಕಾರಣ ಕೆಳಗಿದೆ.

ಎಲ್ಲಿ ಕುಳಿತು ನೋಡುತ್ತೀರಿ ಎಂಬುದು ಆಜ್ಞೆಗಿಂತ ಮುಖ್ಯ. ಡಿಸ್ಕವರ್ ಬ್ರಾಡ್‌ಕಾಸ್ಟ್ ಆದ್ದರಿಂದ ಎಲ್ಲ ಪೋರ್ಟುಗಳಿಗೂ ಹೋಗುತ್ತದೆ. ಆದರೆ ಆಫರ್ ಅನೇಕ ಸಲ ನೇರವಾಗಿ ಆ ಕ್ಲೈಂಟಿನ ಮ್ಯಾಕ್ ವಿಳಾಸಕ್ಕೇ ಹೋಗುತ್ತದೆ. ಪಕ್ಕದ ಪೋರ್ಟಿನಲ್ಲಿ ಕುಳಿತ ನಿಮ್ಮ ಲ್ಯಾಪ್‌ಟಾಪಿಗೆ ಸ್ವಿಚ್ ಅದನ್ನು ಕಳಿಸುವುದೇ ಇಲ್ಲ. ‘ಎರಡನೆಯ ಸರ್ವರ್ ಕಾಣಲಿಲ್ಲ, ಆದ್ದರಿಂದ ಇಲ್ಲ’ ಎಂದು ಎಷ್ಟೋ ಜನ ತೀರ್ಮಾನಿಸುವುದು ಇದರಿಂದಲೇ. ಆದ್ದರಿಂದ ತೊಂದರೆಗೊಳಗಾದ ಯಂತ್ರದಲ್ಲೇ ನೋಡಿ. ಅದು ವರ್ಚುವಲ್ ಯಂತ್ರವಾದರೆ ಅದನ್ನು ಹೊತ್ತಿರುವ ಭೌತಿಕ ಸರ್ವರಿನಲ್ಲಿ, ಆ ಯಂತ್ರದ ಟ್ಯಾಪ್ ಇಂಟರ್‌ಫೇಸಿನ (ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ ಭೌತಿಕ ಸರ್ವರಿನಲ್ಲಿರುವ ತುದಿ) ಮೇಲೆ ನೋಡಿ.

ಒಂದು ಉಪಾಯವೂ ಇದೆ. ಆಫರ್‌ಗಳಲ್ಲಿ ಒಂದನ್ನು ಆರಿಸಿಕೊಂಡ ಕ್ಲೈಂಟ್ ತನ್ನ ರಿಕ್ವೆಸ್ಟನ್ನು ಬ್ರಾಡ್‌ಕಾಸ್ಟ್ ಆಗಿಯೇ ಕಳಿಸುತ್ತದೆ, ಅದರಲ್ಲಿ ತಾನು ಆರಿಸಿದ ಸರ್ವರ್ ಯಾವುದೆಂದು 54ನೇ ಆಯ್ಕೆಯಲ್ಲಿ (ಡಿಎಚ್‌ಸಿಪಿ ಪ್ಯಾಕೆಟ್‌ನೊಳಗಿನ ಸಂಖ್ಯೆ ಹೊತ್ತ ಮಾಹಿತಿ ಖಾನೆ) ನಮೂದಿಸಿರುತ್ತದೆ. ಉಳಿದ ಸರ್ವರ್‌ಗಳು ತಮ್ಮ ಆಫರನ್ನು ಹಿಂತೆಗೆದುಕೊಳ್ಳಲಿ ಎಂಬುದಕ್ಕೆ ಆ ಏರ್ಪಾಡು. ನಮಗೆ ಅದರಿಂದ ಇನ್ನೊಂದು ಲಾಭ: ಬೆಳಿಗ್ಗೆ ಜನ ಕಂಪ್ಯೂಟರ್ ಹಾಕುವ ಹೊತ್ತಿನಲ್ಲಿ ನೆಟ್‌ವರ್ಕಿನ ಯಾವ ಮೂಲೆಯಲ್ಲಿ ಕುಳಿತು ಕೇಳಿದರೂ 54ನೇ ಆಯ್ಕೆಯ ಮೌಲ್ಯಗಳು ಕಾಣುತ್ತವೆ. ಅಲ್ಲಿ ನಿಮಗೆ ಗೊತ್ತಿಲ್ಲದ ವಿಳಾಸ ಒಂದೇ ಒಂದು ಸಲ ಕಂಡರೂ ಅಪರಿಚಿತ ಸರ್ವರ್ ಇದೆ ಎಂದೇ ಅರ್ಥ. ಹಳೆಯ ವಿಳಾಸವನ್ನೇ ಮತ್ತೆ ಕೇಳುವ ರಿಕ್ವೆಸ್ಟಿನಲ್ಲಿ ಈ ಆಯ್ಕೆ ಇರುವುದಿಲ್ಲ, ಅದನ್ನು ಕಂಡು ಗಲಿಬಿಲಿಗೊಳ್ಳಬೇಡಿ.

ಕಾಯಲು ಪುರುಸೊತ್ತಿಲ್ಲದಿದ್ದರೆ ‘ಎನ್‌ಮ್ಯಾಪ್’ನಲ್ಲಿ ಡಿಎಚ್‌ಸಿಪಿ ಡಿಸ್ಕವರ್ ಬ್ರಾಡ್‌ಕಾಸ್ಟ್ ಮಾಡುವ ಸ್ಕ್ರಿಪ್ಟ್ ಇದೆ. ಅದು ಡಿಸ್ಕವರ್ ಕಳಿಸಿ ಬಂದ ಆಫರ್‌ಗಳನ್ನು ಪಟ್ಟಿ ಮಾಡುತ್ತದೆ, ವಿಳಾಸವನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಬೇರೆಯವರ ನೆಟ್‌ವರ್ಕಿನಲ್ಲಿ ಓಡಿಸುವ ಮೊದಲು ಅನುಮತಿ ಪಡೆಯಿರಿ.

ಈಗ ‘ಇ’ ಆಯ್ಕೆಯ ವಿಚಾರ. ಅಪರಿಚಿತ ಸರ್ವರಿನ ಐಪಿ ವಿಳಾಸವೂ ಅಸಲಿ ಗೇಟ್‌ವೇಯ ವಿಳಾಸವೂ ಒಂದೇ ಆಗಿರಬಹುದು. 192.168.0.1 ಅಥವಾ 192.168.1.1 ಎಂಬುದು ಅದೆಷ್ಟೋ ರೂಟರ್‌ಗಳಿಗೆ ಕಾರ್ಖಾನೆಯಲ್ಲೇ ಕೊಟ್ಟ ವಿಳಾಸ. ಆಗ 54ನೇ ಆಯ್ಕೆಯೊಂದನ್ನೇ ನೋಡಿದರೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಕಳಿಸಿದವರ ಮ್ಯಾಕ್ ವಿಳಾಸ ಎರಡು ಬಗೆಯಾಗಿದ್ದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಎರಡು ಆಫರ್ ಬಂದದ್ದೆಲ್ಲ ಘರ್ಷಣೆಯೂ ಅಲ್ಲ. ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ನೋಡಿಕೊಳ್ಳುವ ಭಾಗವಾದ ನ್ಯೂಟ್ರಾನ್‌ನಲ್ಲಿ ಒಂದು ನೆಟ್‌ವರ್ಕಿಗೆ ಎರಡು ಡಿಎಚ್‌ಸಿಪಿ ಏಜೆಂಟುಗಳನ್ನು ನೇಮಿಸಿದ್ದರೆ ಎರಡರಿಂದಲೂ ಆಫರ್ ಬರುತ್ತದೆ, ಎರಡರಲ್ಲೂ ಒಂದೇ ಐಪಿ ಇರುತ್ತದೆ. ಅದು ಬೇಕೆಂದೇ ಮಾಡಿದ ವ್ಯವಸ್ಥೆ. ಆಫರಿನಲ್ಲಿರುವ ವಿಳಾಸಗಳು ಬೇರೆಯಾಗಿದ್ದು, ಗೇಟ್‌ವೇ ಕೂಡ ಬೇರೆಯಾಗಿದ್ದಾಗ ಎಚ್ಚರಗೊಳ್ಳಬೇಕು.

ಹಂತ 3: ಮ್ಯಾಕ್ ವಿಳಾಸ ಹಿಡಿದು ಯಂತ್ರವನ್ನು ತಲುಪಿ

ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿಗಳು ಬಹಳಷ್ಟು ಹೇಳುತ್ತವೆ. 52:54:00 ಎಂದರೆ ಕೆವಿಎಂ (ಲಿನಕ್ಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ) ಯಂತ್ರ. ಎಫ್‌ಎ:16:3ಇ ಎಂದರೆ ಓಪನ್‌ಸ್ಟ್ಯಾಕ್. 08:00:27 ವರ್ಚುವಲ್‌ಬಾಕ್ಸ್, 00:50:56 ಮತ್ತು 00:0ಸಿ:29 ವಿಎಂವೇರ್, 00:15:5ಡಿ ಹೈಪರ್-ವಿ. ಪ್ರಾಕ್ಸ್‌ಮಾಕ್ಸ್‌ನ ಈಚಿನ ಆವೃತ್ತಿಗಳು ಬಿಸಿ:24:11 ಬಳಸುತ್ತವೆ. ಇವು ಯಾವುವೂ ಅಲ್ಲದೆ ರೂಟರ್ ತಯಾರಿಸುವ ಕಂಪನಿಯ ಸಂಖ್ಯೆ ಬಂದರೆ ಹುಡುಕಬೇಕಾದದ್ದು ಮೇಜಿನಡಿಯ ಡಬ್ಬಿಯನ್ನು.

ವರ್ಚುವಲ್ ಯಂತ್ರವೆಂದು ಗೊತ್ತಾದರೆ ಭೌತಿಕ ಸರ್ವರಿನ ಬ್ರಿಡ್ಜ್ (ಸರ್ವರಿನೊಳಗಿನ ತಂತ್ರಾಂಶ ಸ್ವಿಚ್) ಫಾರ್ವರ್ಡಿಂಗ್ ಪಟ್ಟಿಯಲ್ಲಿ ಆ ಮ್ಯಾಕ್ ಯಾವ ಟ್ಯಾಪ್ ಹಿಂದೆ ಇದೆ ಎಂದು ನೋಡಿ. ಓಪನ್‌ಸ್ಟ್ಯಾಕ್‌ನಲ್ಲಿ ಪೋರ್ಟುಗಳ ಪಟ್ಟಿಯನ್ನು ಮ್ಯಾಕ್ ವಿಳಾಸದಿಂದ ಸೋಸಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಯಂತ್ರಗಳ ಸಂರಚನಾ ಕಡತಗಳಲ್ಲಿ ಹುಡುಕಿದರಾಯಿತು. ಹೊರಗಿನ ಯಂತ್ರವಾದರೆ ಸ್ವಿಚ್ಚಿನ ಮ್ಯಾಕ್ ಪಟ್ಟಿ ಹಿಡಿದು ಪೋರ್ಟಿನಿಂದ ಪೋರ್ಟಿಗೆ, ಸ್ವಿಚ್ಚಿನಿಂದ ಸ್ವಿಚ್ಚಿಗೆ ನಡೆಯಬೇಕು. ಇದು ನೆಟ್‌ವರ್ಕ್ ವಿಭಾಗದವರ ಕೆಲಸ. ಮ್ಯಾಕ್ ವಿಳಾಸ ಮತ್ತು ಸಮಯ ಬರೆದುಕೊಟ್ಟರೆ ಅವರು ಬೇಗ ಮುಗಿಸುತ್ತಾರೆ; ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೂ ದಾರಿಯಿಲ್ಲ.

ಹಂತ 4: ಯಾವ ಬಗೆಯ ಘರ್ಷಣೆ ಎಂದು ಗುರುತಿಸಿ

ಖಾಸಗಿ ಕ್ಲೌಡುಗಳಲ್ಲಿ ಮತ್ತೆ ಮತ್ತೆ ಕಾಣುವ ಬಗೆಗಳು ಕೆಲವೇ. ಒಂದೊಂದರ ಲಕ್ಷಣವೂ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲನೆಯದು, ಕ್ಲೌಡಿನೊಳಗಿನ ಯಂತ್ರವೊಂದು ಹೊರಗಿನವರಿಗೆ ವಿಳಾಸ ಹಂಚುವುದು. ವಿದ್ಯಾರ್ಥಿಯೊಬ್ಬ ಅಭ್ಯಾಸಕ್ಕೆಂದು ಪಿಎಫ್‌ಸೆನ್ಸ್ ಎಂಬ ರೂಟರ್ ತಂತ್ರಾಂಶ ಎಬ್ಬಿಸಿ ಅದರ ಲ್ಯಾನ್ ಕಾಲನ್ನು ಪ್ರಾಕ್ಸ್‌ಮಾಕ್ಸ್‌ನ ಮುಖ್ಯ ಬ್ರಿಡ್ಜಿಗೆ ಕಟ್ಟುತ್ತಾನೆ. ಆ ಬ್ರಿಡ್ಜ್ ಭೌತಿಕ ಕೇಬಲ್ಲಿಗೆ ಸೇರಿದೆ. ಮರುಕ್ಷಣದಿಂದ ಇಡೀ ಕಟ್ಟಡಕ್ಕೆ ಅದು ವಿಳಾಸ ಹಂಚುತ್ತದೆ. ಯಂತ್ರಗಳನ್ನು ನೆಟ್‌ವರ್ಕಿನಿಂದಲೇ ಬೂಟ್ ಮಾಡಿಸುವ ಮಾಸ್‌ನಂಥ ತಂತ್ರಾಂಶಗಳಿಗೂ ಸ್ವಂತ ಡಿಎಚ್‌ಸಿಪಿ ಬೇಕು, ಅವುಗಳಿಂದಲೂ ಇದೇ ಅಪಾಯ. ಸರ್ವರ್ ‘ಅಥಾರಿಟೇಟಿವ್’ (ಈ ನೆಟ್‌ವರ್ಕಿಗೆ ತಾನೇ ಅಧಿಕಾರವುಳ್ಳದ್ದು ಎಂಬ ಹೊಂದಿಕೆ) ಆಗಿದ್ದರೆ ಇನ್ನೂ ಕಷ್ಟ: ಯಾರಾದರೂ ತಮ್ಮ ಹಳೆಯ, ಸರಿಯಾದ ವಿಳಾಸವನ್ನೇ ಮತ್ತೆ ಕೇಳಿದರೂ ಅದು ‘ನಾಕ್’ ಎಂದು ನಿರಾಕರಿಸಿ ಆ ಯಂತ್ರವನ್ನು ಅಲ್ಲಿಂದ ಎಬ್ಬಿಸುತ್ತದೆ.

ಎರಡನೆಯದು ಇದಕ್ಕೆ ತಲೆಕೆಳಗು: ಕಚೇರಿಯ ಸರ್ವರ್ ಕ್ಲೌಡಿನ ಯಂತ್ರಗಳಿಗೆ ವಿಳಾಸ ಕೊಡುವುದು. ಓಪನ್‌ಸ್ಟ್ಯಾಕ್ ನಡೆಸುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ನ್ಯೂಟ್ರಾನ್ ನಡೆಸುವ ಡಿಎನ್‌ಎಸ್‌ಮಾಸ್ಕ್ ಎಂಬ ಡಿಎಚ್‌ಸಿಪಿ ಸರ್ವರ್ ತನ್ನ ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳಿಗೆ ಮಾತ್ರ ವಿಳಾಸ ಕೊಡುವಂತೆ ಹೊಂದಿಸಿರುತ್ತದೆ. ಪ್ರಿಂಟರಿಗೋ ಫೋನಿಗೋ ಅದು ಹಂಚುವುದಿಲ್ಲ. ಆದರೆ ಭೌತಿಕ ನೆಟ್‌ವರ್ಕಿಗೆ ನೇರವಾಗಿ ಅಂಟಿಕೊಂಡ ಪ್ರೊವೈಡರ್ ನೆಟ್‌ವರ್ಕಿನಲ್ಲಿ ವರ್ಚುವಲ್ ಯಂತ್ರದ ಡಿಸ್ಕವರ್ ಕಚೇರಿಯ ಸರ್ವರಿಗೂ ಕೇಳಿಸುತ್ತದೆ. ಅದರ ಉತ್ತರ ಮೊದಲು ಬಂದರೆ ಯಂತ್ರ ಕಚೇರಿಯ ವಿಳಾಸ ಹಿಡಿಯುತ್ತದೆ. ಇತ್ತ ನ್ಯೂಟ್ರಾನ್‌ನ ಪೋರ್ಟ್ ಭದ್ರತೆ ತಾನು ಕೊಟ್ಟ ವಿಳಾಸದಿಂದ ಹೊರಟ ಪ್ಯಾಕೆಟ್‌ಗಳನ್ನಷ್ಟೇ ಬಿಡುತ್ತದೆ, ಉಳಿದದ್ದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಫಲ: ಯಂತ್ರದೊಳಗೆ ನೋಡಿದರೆ ವಿಳಾಸವಿದೆ, ಗೇಟ್‌ವೇ ಇದೆ, ಒಂದು ಪಿಂಗೂ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ವಿಳಾಸವನ್ನೂ ಯಂತ್ರದೊಳಗಿನ ವಿಳಾಸವನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದರೆ ರೋಗ ಇದೇ. ಹತ್ತು ಯಂತ್ರ ಎಬ್ಬಿಸಿದರೆ ಕೆಲವಕ್ಕೆ ಸರಿ, ಕೆಲವಕ್ಕೆ ತಪ್ಪು ಆಗುವುದೂ ಇದರ ಗುರುತು, ಏಕೆಂದರೆ ಯಾರ ಉತ್ತರ ಮೊದಲು ಮುಟ್ಟಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೂರನೆಯದು ವಿಳಾಸ ಶ್ರೇಣಿಗಳ ಅತಿಕ್ರಮಣ. ಇಲ್ಲಿ ಎರಡೂ ಸರ್ವರ್‌ಗಳು ತಮ್ಮ ತಮ್ಮ ಯಂತ್ರಗಳಿಗಷ್ಟೇ ಉತ್ತರಿಸುತ್ತಿರಬಹುದು, ಆದರೂ ಒಂದೇ ವಿಳಾಸ ಇಬ್ಬರ ಕೈ ಸೇರುತ್ತದೆ. ನ್ಯೂಟ್ರಾನ್‌ನಲ್ಲಿ ಸಬ್‌ನೆಟ್ ಮಾಡುವಾಗ ಹಂಚಿಕೆಯ ಶ್ರೇಣಿ ಸೂಚಿಸದಿದ್ದರೆ ಗೇಟ್‌ವೇ ಒಂದನ್ನು ಬಿಟ್ಟು ಇಡೀ ಸಬ್‌ನೆಟ್ಟನ್ನೇ ತನ್ನದೆಂದು ಅದು ಭಾವಿಸುತ್ತದೆ. ಹಂಚಿಕೊಂಡ ನೆಟ್‌ವರ್ಕಿನಲ್ಲಿ ಇದು ದೊಡ್ಡ ಅನಾಹುತ. ನ್ಯೂಟ್ರಾನ್ ತನ್ನ ಡೇಟಾಬೇಸ್ ನೋಡಿ ವಿಳಾಸ ಕೊಡುತ್ತದೆಯೇ ಹೊರತು ಆ ವಿಳಾಸದಲ್ಲಿ ಈಗಾಗಲೇ ಯಾರಾದರೂ ಇದ್ದಾರೆಯೇ ಎಂದು ಹೊರಗೆ ಕೇಳುವುದಿಲ್ಲ. ಫ್ಲೋಟಿಂಗ್ ಐಪಿಗಳಿಗೂ (ಆಂತರಿಕ ಯಂತ್ರವನ್ನು ಹೊರಗಿನಿಂದ ತಲುಪಲು ಅದಕ್ಕೆ ಜೋಡಿಸುವ ವಿಳಾಸಗಳು) ಡಿಎಚ್‌ಸಿಪಿಗೂ ಸಂಬಂಧವಿಲ್ಲದಿದ್ದರೂ ಅವೂ ಇದೇ ಶ್ರೇಣಿಯಿಂದ ಬರುತ್ತವೆ; ಪ್ರಿಂಟರಿನ ವಿಳಾಸವೇ ಯಾವುದೋ ಯಂತ್ರದ ಫ್ಲೋಟಿಂಗ್ ಐಪಿ ಆದ ಮೇಲೆ ಮುದ್ರಣ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಕಚೇರಿಯ ಸರ್ವರ್ ವಿಳಾಸ ಕೊಡುವ ಮೊದಲು ಪಿಂಗ್ ಮಾಡಿ ನೋಡುತ್ತದಲ್ಲ ಎಂದು ಕೇಳಬಹುದು. ಐಎಸ್‌ಸಿ ಡಿಎಚ್‌ಸಿಪಿ ಎಂಬ ಸರ್ವರ್ ತಂತ್ರಾಂಶ ಮತ್ತು ಡಿಎನ್‌ಎಸ್‌ಮಾಸ್ಕ್ ಎರಡೂ ಹಾಗೆ ಮಾಡುತ್ತವೆ, ನಿಜ. ಆದರೆ ಕ್ಲೌಡಿನ ಯಂತ್ರಗಳು ಸಾಮಾನ್ಯವಾಗಿ ಹೊರಗಿನ ಪಿಂಗಿಗೆ ಉತ್ತರ ಕೊಡುವುದಿಲ್ಲ. ಓಪನ್‌ಸ್ಟ್ಯಾಕ್‌ನ ಪೂರ್ವನಿಯೋಜಿತ ಭದ್ರತಾ ಗುಂಪೇ ಅದನ್ನು ತಡೆಯುತ್ತದೆ. ಉತ್ತರ ಬಾರದ್ದರಿಂದ ವಿಳಾಸ ಖಾಲಿಯಿದೆ ಎಂದು ಸರ್ವರ್ ನಂಬುತ್ತದೆ. ಆದ್ದರಿಂದ ನೀವು ಪರೀಕ್ಷಿಸುವಾಗ ಪಿಂಗ್ ಬೇಡ, ‘ಎಆರ್‌ಪಿಂಗ್’ ಬಳಸಿ. ಎಆರ್‌ಪಿ ಪ್ರಶ್ನೆಗೆ ಯಂತ್ರ ಉತ್ತರಿಸಲೇಬೇಕು. ನಕಲು ಪತ್ತೆಗೆ ಅದರಲ್ಲಿ ‘ಡಿ’ ಆಯ್ಕೆಯಿದೆ. ಆ ಆಯ್ಕೆ ಇಲ್ಲದೆ ಹಲವು ಸಲ ಕೇಳಿದಾಗ ಒಂದೇ ಐಪಿಗೆ ಎರಡು ಮ್ಯಾಕ್ ವಿಳಾಸಗಳಿಂದ ಉತ್ತರ ಬಂದರೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರಾಕ್ಸಿ ಎಆರ್‌ಪಿ ಹಾಕಿದ ರೂಟರ್ ಇದ್ದರೆ ಮಾತ್ರ ಅದು ಪರರ ಪರವಾಗಿಯೂ ಉತ್ತರಿಸುತ್ತದೆ. ಅದರ ಮ್ಯಾಕ್ ಯಾವುದೆಂದು ಮೊದಲೇ ತಿಳಿದುಕೊಂಡಿರಿ. ವಿಂಡೋಸ್ ವಿಳಾಸ ಘರ್ಷಣೆ ಕಂಡರೆ ಪರದೆಯ ಮೇಲೆ ಹೇಳುತ್ತದೆ. ಲಿನಕ್ಸ್ ಕರ್ನೆಲ್ ಐಪಿ ನಾಲ್ಕನೆಯ ಆವೃತ್ತಿಯಲ್ಲಿ ತಾನಾಗಿ ಅಂಥ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ಕ್ಲೌಡಿನ ಕಡೆಯಿಂದ ಯಾವ ಎಚ್ಚರಿಕೆಯೂ ಬಾರದಿರಬಹುದು.

ನಾಲ್ಕನೆಯದು ನಕಲು ಗುರುತು. ಒಂದು ಉಬುಂಟು ಯಂತ್ರವನ್ನು ಚೆನ್ನಾಗಿ ಸಜ್ಜುಗೊಳಿಸಿ, ಅದರಿಂದ ಟೆಂಪ್ಲೇಟ್ ಮಾಡಿ, ಐದು ಯಂತ್ರಗಳನ್ನು ಎಬ್ಬಿಸುತ್ತೀರಿ. ಮ್ಯಾಕ್ ವಿಳಾಸಗಳು ಬೇರೆ ಬೇರೆ, ಆದರೂ ಐದಕ್ಕೂ ಒಂದೇ ಐಪಿ! ಕಾರಣವೇನೆಂದರೆ ಉಬುಂಟುವಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ನೆಟ್‌ವರ್ಕ್ ಸೇವೆ ಡಿಎಚ್‌ಸಿಪಿ ಸರ್ವರಿಗೆ ತನ್ನ ಗುರುತನ್ನು ಮ್ಯಾಕ್‌ನಿಂದಲ್ಲ, ‘ಮಷೀನ್-ಐಡಿ’ ಕಡತದಿಂದ ತಯಾರಿಸಿ ಹೇಳುತ್ತದೆ. ನಕಲು ಮಾಡಿದಾಗ ಆ ಕಡತವೂ ನಕಲಾಗಿದೆ. ಸರ್ವರ್ ಐದನ್ನೂ ಒಬ್ಬನೇ ಎಂದು ತಿಳಿಯುತ್ತದೆ. ಇದಕ್ಕೆ ನೆಟ್‌ವರ್ಕನ್ನು ದೂರಿ ಪ್ರಯೋಜನವಿಲ್ಲ. ಟೆಂಪ್ಲೇಟ್ ಮಾಡುವ ಮೊದಲು ‘ಇಟಿಸಿ’ ಫೋಲ್ಡರಿನಲ್ಲಿರುವ ಆ ಕಡತವನ್ನು ಅಳಿಸದೆ, ಒಳಗಿನದನ್ನಷ್ಟೇ ಖಾಲಿ ಮಾಡಿ. ಮುಂದಿನ ಬೂಟ್‌ನಲ್ಲಿ ಹೊಸ ಗುರುತು ಹುಟ್ಟುತ್ತದೆ. ಡಿಬಸ್ ಫೋಲ್ಡರಿನಲ್ಲಿ ಇದೇ ಹೆಸರಿನ ಬೇರೆ ಪ್ರತಿಯಿದ್ದರೆ ಅದು ಮೊದಲ ಕಡತಕ್ಕೆ ಕೊಂಡಿಯಾಗಿರಲಿ. ಈಗಾಗಲೇ ಓಡುತ್ತಿರುವ ಯಂತ್ರಗಳಿಗೆ ಉಬುಂಟುವಿನ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್‌ನಲ್ಲಿ ಡಿಎಚ್‌ಸಿಪಿ ಗುರುತನ್ನು ‘ಮ್ಯಾಕ್’ ಎಂದು ಬದಲಿಸಿದರೆ ತಕ್ಷಣದ ಪರಿಹಾರ ಸಿಗುತ್ತದೆ.

ಐದನೆಯದನ್ನು ಘರ್ಷಣೆ ಎನ್ನುವುದಕ್ಕಿಂತ ಬರಗಾಲ ಎನ್ನಬೇಕು. ವಿಂಡೋಸ್ ಡಿಎಚ್‌ಸಿಪಿ ಸರ್ವರಿನಲ್ಲಿ ಲೀಸ್ ಅವಧಿ ಮಾರ್ಪಡಿಸದಿದ್ದರೆ 8 ದಿನ. ಕ್ಲೌಡಿನಲ್ಲಿ ಯಂತ್ರಗಳು ಗಂಟೆಗೊಮ್ಮೆ ಹುಟ್ಟಿ ಸಾಯುತ್ತವೆ, ಪ್ರತಿಯೊಂದಕ್ಕೂ ಹೊಸ ಮ್ಯಾಕ್. ಸತ್ತ ಯಂತ್ರದ ವಿಳಾಸ ಎಂಟು ದಿನ ಯಾರಿಗೂ ಸಿಗುವುದಿಲ್ಲ. 24 ಬಿಟ್‌ಗಳ ಸಬ್‌ನೆಟ್‌ನಲ್ಲಿ ಬಳಸಲು ಸಿಗುವುದು 254 ವಿಳಾಸ ಮಾತ್ರ. ಅದು ಬೇಗ ಮುಗಿಯುತ್ತದೆ. ಯಂತ್ರಗಳು 169.254 ಎಂದು ಆರಂಭವಾಗುವ, ಡಿಎಚ್‌ಸಿಪಿ ಸಿಗದಾಗ ತಾವೇ ಹಾಕಿಕೊಳ್ಳುವ ವಿಳಾಸ ತೋರಿಸತೊಡಗಿದರೆ ಶ್ರೇಣಿ ಖಾಲಿಯಾಗಿದೆಯೇ ಎಂದು ಮೊದಲು ಕೇಳಿ.

ಹಂತ 5: ದುರಸ್ತಿ

ನನ್ನ ಅಭಿಪ್ರಾಯ ಇಲ್ಲಿ ಸ್ಪಷ್ಟ: ಸಾಧ್ಯವಿದ್ದರೆ ಬ್ರಾಡ್‌ಕಾಸ್ಟ್ ವಲಯವನ್ನೇ ಬೇರೆ ಮಾಡಿ. ಶ್ರೇಣಿಗಳನ್ನು ಅತ್ತಿತ್ತ ಸರಿಸಿ ಸಂಧಾನ ಮಾಡಿಕೊಂಡ ವ್ಯವಸ್ಥೆ, ಹೊಸ ನೌಕರನೊಬ್ಬ ಬಂದು ಇನ್ನೊಂದು ಪ್ರಿಂಟರಿಗೆ ಸ್ಥಿರ ವಿಳಾಸ ಕೊಡುವವರೆಗೆ ಮಾತ್ರ ಬಾಳುತ್ತದೆ.

ಸ್ವಿಚ್ ಮ್ಯಾನೇಜ್ಡ್ (ಹೊಂದಿಸಬಲ್ಲದ್ದು) ಆಗಿದ್ದರೆ ಕ್ಲೌಡಿಗೆ ಒಂದು ಪ್ರತ್ಯೇಕ ವಿಎಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರೆಯಾಗಿ ನಡೆಯುವ ನೆಟ್‌ವರ್ಕ್) ಸಂಖ್ಯೆ ಕೇಳಿ ಪಡೆಯಿರಿ. ಪ್ರಾಕ್ಸ್‌ಮಾಕ್ಸ್‌ನ ಬ್ರಿಡ್ಜನ್ನು ವಿಎಲ್ಯಾನ್ ಅರಿಯುವಂತೆ ಮಾಡಿ, ವರ್ಚುವಲ್ ಯಂತ್ರಗಳಿಗೆ ಆ ಸಂಖ್ಯೆಯನ್ನೇ ಹಾಕಿ. ಅಭ್ಯಾಸದ ಪಿಎಫ್‌ಸೆನ್ಸ್‌ಗಳಿಗೆ ಯಾವ ಭೌತಿಕ ಕೇಬಲ್ಲಿಗೂ ಸೇರದ ಇನ್ನೊಂದು ಬ್ರಿಡ್ಜ್ ಮಾಡಿಕೊಡಿ. ಇಷ್ಟರಿಂದ ಮೊದಲ ಬಗೆಯ ಘರ್ಷಣೆ ಬುಡಸಮೇತ ಹೋಗುತ್ತದೆ.

ಸ್ವಿಚ್ ಸಾದಾ ಆಗಿದ್ದರೆ ಓಪನ್‌ಸ್ಟ್ಯಾಕ್‌ನಲ್ಲಿ ಯಂತ್ರಗಳನ್ನು ವಿಎಕ್ಸ್‌ಲ್ಯಾನ್ (ಇರುವ ನೆಟ್‌ವರ್ಕಿನ ಪ್ಯಾಕೆಟ್‌ಗಳೊಳಗೆ ಸುತ್ತಿ ಸಾಗಿಸುವ ಪ್ರತ್ಯೇಕ ನೆಟ್‌ವರ್ಕ್) ಮೇಲಿನ ಆಂತರಿಕ ನೆಟ್‌ವರ್ಕಿನಲ್ಲಿಡಿ. ಡಿಎಚ್‌ಸಿಪಿ ಅಲ್ಲೇ ಮುಗಿಯುತ್ತದೆ, ಹೊರಗಿನವರಿಗೆ ಕೇಳಿಸುವುದೇ ಇಲ್ಲ. ಹೊರಗಿನ ನೆಟ್‌ವರ್ಕಿನ ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿಯನ್ನು ಆಫ್ ಮಾಡಿ, ನೆಟ್‌ವರ್ಕ್ ವಿಭಾಗದವರು ಲಿಖಿತವಾಗಿ ಬಿಟ್ಟುಕೊಟ್ಟ ಚಿಕ್ಕ ಶ್ರೇಣಿಯನ್ನು ಮಾತ್ರ ಹಂಚಿಕೆಗೆ ನಮೂದಿಸಿ, ಅದರಿಂದ ಫ್ಲೋಟಿಂಗ್ ಐಪಿ ಕೊಡಿ. ಅದೇ ಶ್ರೇಣಿಯನ್ನು ಅವರು ತಮ್ಮ ಸರ್ವರಿನ ಪಟ್ಟಿಯಿಂದ ತೆಗೆದಿದ್ದಾರೆ ಎಂದು ಕಣ್ಣಾರೆ ನೋಡಿ. ವಿಎಕ್ಸ್‌ಲ್ಯಾನ್‌ನ ಹೊದಿಕೆಗೆ 50 ಬೈಟ್ ಬೇಕು. ಹೊರಗಿನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಆದರೆ ಯಂತ್ರಗಳದು 1450 ಆಗುತ್ತದೆ. ನ್ಯೂಟ್ರಾನ್ ಅದನ್ನು ಡಿಎಚ್‌ಸಿಪಿಯ ಮೂಲಕವೇ ತಿಳಿಸುತ್ತದೆ.

ಯಂತ್ರಗಳು ಕಚೇರಿಯ ನೆಟ್‌ವರ್ಕಿನಲ್ಲೇ ನೇರವಾಗಿ ಇರಲೇಬೇಕೆಂದರೆ ಕೆಲಸ ಸೂಕ್ಷ್ಮ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಕಚೇರಿಯ ಸರ್ವರೇ ವಿಳಾಸ ಕೊಡಲಿ, ಕ್ಲೌಡಿನಲ್ಲಿ ಡಿಎಚ್‌ಸಿಪಿ ಇರಲೇಬಾರದು. ಯಂತ್ರಗಳು ಹುಟ್ಟಿ ಸಾಯುವ ವೇಗಕ್ಕೆ ತಕ್ಕಂತೆ ಲೀಸ್ ಅವಧಿಯನ್ನು ಒಂದು ಗಂಟೆಗೆ ಇಳಿಸುವಂತೆ ಕೇಳಿಕೊಳ್ಳಿ. ಓಪನ್‌ಸ್ಟ್ಯಾಕ್‌ನಲ್ಲಿ ಹೀಗೆ ಮಾಡಿದರೆ ಪೋರ್ಟ್ ಭದ್ರತೆ ಅಡ್ಡ ಬರುತ್ತದೆ. ಅದನ್ನು ತೆಗೆದುಹಾಕುವುದು ಹಂಚಿಕೊಂಡ ನೆಟ್‌ವರ್ಕಿನಲ್ಲಿ ಜವಾಬ್ದಾರಿಯ ಕೆಲಸವಲ್ಲ. ಅಲ್ಲಿ ನ್ಯೂಟ್ರಾನ್‌ನ ಡಿಎಚ್‌ಸಿಪಿ ಇರಲಿ, ಕಚೇರಿಯ ಸರ್ವರ್ ಎಫ್‌ಎ:16:3ಇ ಎಂದು ಆರಂಭವಾಗುವವರಿಗೆ ಉತ್ತರಿಸದಿರಲಿ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ಮ್ಯಾಕ್‌ನ ಉಳಿದ ಮೂರು ಜೋಡಿಗೆ ನಕ್ಷತ್ರಚಿಹ್ನೆ ಹಾಕಿ ‘ಇಗ್ನೋರ್’ ಎಂದರೆ ಸಾಕು. ವಿಂಡೋಸ್ ಸರ್ವರಿನಲ್ಲಿ 2008 ಆರ್2 ಆವೃತ್ತಿಯಿಂದ ಮ್ಯಾಕ್ ನಿರಾಕರಣೆ ಪಟ್ಟಿ ಇದೆ, ಅಲ್ಲೂ ನಕ್ಷತ್ರಚಿಹ್ನೆ ನಡೆಯುತ್ತದೆ. ಐಎಸ್‌ಸಿ ಡಿಎಚ್‌ಸಿಪಿ ಮತ್ತು ಅದೇ ಸಂಸ್ಥೆಯ ಹೊಸ ಸರ್ವರ್ ಆದ ಕಿಯಾದಲ್ಲಿ ಕ್ಲೈಂಟ್ ವರ್ಗಗಳಿಂದ ಇದೇ ಕೆಲಸ ಮಾಡಬಹುದು. ಅಂದಹಾಗೆ ಐಎಸ್‌ಸಿ ಡಿಎಚ್‌ಸಿಪಿಯ ನಿರ್ವಹಣೆಯನ್ನು ಅದರ ತಯಾರಕರು 2022ರ ಕೊನೆಯಲ್ಲಿ ನಿಲ್ಲಿಸಿದ್ದಾರೆ. ಹೊಸದಾಗಿ ಹಾಕುವವರು ಕಿಯಾವನ್ನೇ ಆರಿಸಿಕೊಳ್ಳಲಿ.

ಕಚೇರಿಯ ಸರ್ವರನ್ನು ಮುಟ್ಟಲು ಅನುಮತಿ ಸಿಗದಿದ್ದರೆ ಕ್ಲೌಡಿನ ಬಾಗಿಲಲ್ಲೇ ಕಾವಲು ಹಾಕಬೇಕು. ಭೌತಿಕ ಇಂಟರ್‌ಫೇಸಿನ ಮೂಲಕ ಒಳಬರುವ, ಮೂಲ ಪೋರ್ಟ್ 67 ಇರುವ ಯುಡಿಪಿ ಪ್ಯಾಕೆಟ್‌ಗಳನ್ನು ಲಿನಕ್ಸ್‌ನ ಪ್ಯಾಕೆಟ್ ಸೋಸುವ ಎನ್‌ಎಫ್‌ಟೇಬಲ್ಸ್‌ನ ಬ್ರಿಡ್ಜ್ ಪಟ್ಟಿಯಲ್ಲಿ ತಡೆಯಿರಿ. ತಂತ್ರಾಂಶ ಸ್ವಿಚ್ ಆದ ಓಪನ್ ವಿಸ್ವಿಚ್ ಬಳಸುವವರು ಇದೇ ನಿಯಮವನ್ನು ಫ್ಲೋ ಆಗಿ ಬರೆಯಬೇಕು. ಇಲ್ಲಿ ಒಂದು ಹಳ್ಳವಿದೆ. ನಿಮ್ಮ ನ್ಯೂಟ್ರಾನ್ ಡಿಎಚ್‌ಸಿಪಿ ಏಜೆಂಟ್ ಬೇರೊಂದು ಸರ್ವರಿನಲ್ಲಿದ್ದರೆ ಅದರ ಉತ್ತರವೂ ಇದೇ ಕೇಬಲ್ಲಿನಿಂದ ಬರುತ್ತದೆ. ಆದ್ದರಿಂದ ಆ ಏಜೆಂಟಿನ ಪೋರ್ಟುಗಳ ಮ್ಯಾಕ್ ವಿಳಾಸಗಳನ್ನು ಮೊದಲು ಅನುಮತಿಸಿ, ಆಮೇಲೆ ಉಳಿದದ್ದನ್ನು ತಡೆಯಿರಿ. ಹೊರಹೋಗುವ ದಿಕ್ಕಿನಲ್ಲೂ ಇಂಥದೇ ನಿಯಮ ಹಾಕಿದರೆ ಕ್ಲೌಡಿನೊಳಗಿನ ಯಾವ ಯಂತ್ರವೂ ಹೊರಗಿನವರಿಗೆ ವಿಳಾಸ ಹಂಚಲಾರದು. ನೆರೆಯವರಿಗೆ ನೀವು ಕೊಡಬಹುದಾದ ನಿಜವಾದ ಭರವಸೆ ಅದು.

ನೆಟ್‌ವರ್ಕ್ ವಿಭಾಗದವರಿಗೆ ಉತ್ಸಾಹವಿದ್ದರೆ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಹಾಕಲು ಹೇಳಿ. ಅಧಿಕೃತ ಸರ್ವರ್ ಇರುವ ಪೋರ್ಟನ್ನು ವಿಶ್ವಾಸಾರ್ಹವೆಂದು ಗುರುತಿಸಿದರೆ ಬೇರೆ ಪೋರ್ಟುಗಳಿಂದ ಬರುವ ಆಫರ್‌ಗಳನ್ನು ಸ್ವಿಚ್ ಬಿಸಾಡುತ್ತದೆ. ಸಿಸ್ಕೋ ಸ್ವಿಚ್‌ಗಳಲ್ಲಿ ಸ್ನೂಪಿಂಗ್ ಹಾಕಿದೊಡನೆ 82ನೇ ಆಯ್ಕೆಯನ್ನೂ (ಪ್ಯಾಕೆಟ್ ಯಾವ ಪೋರ್ಟಿನಿಂದ ಬಂತೆಂಬ ಮಾಹಿತಿ) ಪ್ಯಾಕೆಟ್‌ಗೆ ಸೇರಿಸುವುದು ರೂಢಿ; ಕೆಲವು ಸರ್ವರ್‌ಗಳು, ರಿಲೇಗಳು ಅಂಥ ಪ್ಯಾಕೆಟನ್ನು ತಿರಸ್ಕರಿಸುತ್ತವೆ. ಸ್ನೂಪಿಂಗ್ ಹಾಕಿದ ಮೇಲೆ ಯಾರಿಗೂ ವಿಳಾಸ ಬರದಿದ್ದರೆ ಮೊದಲು ಆ ಸೇರ್ಪಡೆಯನ್ನು ನಿಲ್ಲಿಸಿ ನೋಡಿ. ಒಂದೇ ಭೌತಿಕ ಸರ್ವರಿನೊಳಗಿನ ಎರಡು ವರ್ಚುವಲ್ ಯಂತ್ರಗಳ ನಡುವಿನ ಮಾತು ಸ್ವಿಚ್ಚಿಗೆ ಮುಟ್ಟುವುದೇ ಇಲ್ಲವಾದ್ದರಿಂದ ಅದನ್ನು ಸ್ನೂಪಿಂಗ್ ತಡೆಯಲಾರದು; ಅದಕ್ಕೆ ಮೇಲಿನಂಥದೇ ಬ್ರಿಡ್ಜ್ ನಿಯಮವನ್ನು ಯಂತ್ರಗಳ ಟ್ಯಾಪ್ ಇಂಟರ್‌ಫೇಸುಗಳ ಮೇಲೂ ಹಾಕಬೇಕು.

ಹಂತ 6: ಹಳೆಯ ಲೀಸ್‌ಗಳನ್ನು ತೊಳೆಯಿರಿ

ತಪ್ಪು ಸರ್ವರನ್ನು ನಿಲ್ಲಿಸಿದ ತಕ್ಷಣ ಎಲ್ಲರೂ ಸರಿಯಾಗುವುದಿಲ್ಲ. ಕ್ಲೈಂಟ್ ತನ್ನ ಲೀಸ್‌ನ ಅರ್ಧ ಅವಧಿ ಕಳೆದಾಗ ಅದೇ ಸರ್ವರನ್ನು ನೇರವಾಗಿ ಕೇಳುತ್ತದೆ. ಅದು ಈಗ ಇಲ್ಲ. ಆದರೂ ಶೇಕಡಾ 87.5ರಷ್ಟು ಅವಧಿ ಮುಗಿಯುವವರೆಗೆ ಕ್ಲೈಂಟ್ ಬೇರೆಯವರನ್ನು ಕೇಳುವುದಿಲ್ಲ. ತಪ್ಪು ಸರ್ವರ್ 24 ಗಂಟೆಯ ಲೀಸ್ ಕೊಟ್ಟಿದ್ದರೆ, ಏನೂ ಮಾಡದೆ ಬಿಟ್ಟರೆ, ಕೆಲವು ಯಂತ್ರಗಳು 21 ಗಂಟೆಗಳವರೆಗೆ ತಪ್ಪು ವಿಳಾಸದಲ್ಲೇ ಉಳಿಯುತ್ತವೆ. ‘ಸರಿ ಮಾಡಿದ್ದೇವೆ ಎಂದಿರಿ, ಇನ್ನೂ ಬರುತ್ತಿಲ್ಲ’ ಎಂಬ ದೂರು ಮರುದಿನವೂ ಬರುವುದು ಇದರಿಂದ.

ವಿಂಡೋಸ್ ಯಂತ್ರಗಳಲ್ಲಿ ‘ರಿಲೀಸ್’, ಆಮೇಲೆ ‘ರಿನ್ಯೂ’ ಕೊಡಿ. ಕೇಬಲ್ ಕಿತ್ತು ಹಾಕಿದರೂ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ: ಕ್ಲೈಂಟ್ ತನ್ನ ಹಳೆಯ ವಿಳಾಸವನ್ನೇ ಬ್ರಾಡ್‌ಕಾಸ್ಟ್ ಮಾಡಿ ಕೇಳುತ್ತದೆ, ಅಧಿಕೃತ ಸರ್ವರ್ ‘ಅಥಾರಿಟೇಟಿವ್’ ಎಂದು ಹೊಂದಿಸಿದ್ದರೆ ನಾಕ್ ಕಳಿಸಿ ಹೊಸದು ಕೊಡುತ್ತದೆ. ಹಾಗೆ ಹೊಂದಿಸದಿದ್ದರೆ ಅದು ಸುಮ್ಮನಿರುತ್ತದೆ; ಕಚೇರಿಯ ಮುಖ್ಯ ಸರ್ವರಿನಲ್ಲಿ ಈ ಸಂಗತಿಯನ್ನು ಒಮ್ಮೆ ಖಚಿತಪಡಿಸಿಕೊಳ್ಳಿ. ಪ್ರಿಂಟರ್, ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಸಿಸಿಟಿವಿ ರೆಕಾರ್ಡರ್‌ಗಳನ್ನು ಮರೆಯಬೇಡಿ. ಅವುಗಳ ಮುಂದೆ ಕುಳಿತು ದೂರು ಕೊಡುವವರು ಯಾರೂ ಇರುವುದಿಲ್ಲ. ತಿಂಗಳ ಕೊನೆಗೆ ಹಾಜರಾತಿ ಬಾರದಿದ್ದಾಗ ಗೊತ್ತಾಗುತ್ತದೆ. ನಕಲು ವಿಳಾಸ ಇದ್ದ ಕಡೆ ಗೇಟ್‌ವೇಯ ಎಆರ್‌ಪಿ ಪಟ್ಟಿಯಲ್ಲಿ ಆ ಒಂದು ನಮೂದನ್ನೂ ತೆಗೆಸಿ.

ಹಂತ 7: ಕಾವಲು

ಸಣ್ಣ ಯಂತ್ರವೊಂದರಲ್ಲಿ ‘ಎಆರ್‌ಪಿವಾಚ್’ ಓಡಿಸಿ. ಒಂದು ಐಪಿ ಎರಡು ಮ್ಯಾಕ್‌ಗಳ ನಡುವೆ ಜಿಗಿದಾಡಿದರೆ ಅದು ದಾಖಲಿಸಿ ಮಿಂಚಂಚೆ ಕಳಿಸುತ್ತದೆ. ಅದೇ ಯಂತ್ರದಲ್ಲಿ ಎನ್‌ಮ್ಯಾಪ್‌ನ ಡಿಸ್ಕವರ್ ಸ್ಕ್ರಿಪ್ಟನ್ನು ಕ್ರಾನ್ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ಓಡಿಸಿ, ಉತ್ತರ ಕೊಟ್ಟ ಸರ್ವರ್‌ಗಳನ್ನು ಒಪ್ಪಿತ ಪಟ್ಟಿಯೊಂದಿಗೆ ಹೋಲಿಸಿ, ಹೆಚ್ಚಿನವರು ಕಂಡರೆ ನಿಮಗೂ ನೆಟ್‌ವರ್ಕ್ ವಿಭಾಗಕ್ಕೂ ಸಂದೇಶ ಹೋಗುವಂತೆ ಮಾಡಿ. ನ್ಯೂಟ್ರಾನ್ ಅಪರಿಚಿತ ಮ್ಯಾಕ್‌ಗೆ ಆಫರ್ ಕೊಡುವುದಿಲ್ಲವಾದ್ದರಿಂದ ಈ ಪರೀಕ್ಷೆಯಲ್ಲಿ ಅದು ಕಾಣಬಾರದು. ಕಾವಲು ಯಂತ್ರ ಕ್ಲೌಡಿನ ಹೊರಗೆ, ಬಳಕೆದಾರರ ಕಂಪ್ಯೂಟರ್‌ಗಳಿರುವ ಬದಿಯಲ್ಲೇ ಇರಲಿ. ಕ್ಲೌಡಿನೊಳಗೆ ಇಟ್ಟರೆ ನೀವೇ ಹಾಕಿದ ಬ್ರಿಡ್ಜ್ ನಿಯಮ ಅದಕ್ಕೆ ಬರಬೇಕಾದ ಆಫರ್‌ಗಳನ್ನೂ ತಡೆದುಬಿಡುತ್ತದೆ.